ಅರ್ಥ ಇಲ್ಲ

ಕುಕ್ಕರು ಮೂರು ಸೀಟಿ ಹೊಡೆಯಿತೋ ಆರು ಹೊಡೆಯಿತೋ, ಮಕ್ತುಮಸಾಬನಿಗೆ ಒಂದೂ ಕೇಳಲಿಲ್ಲ. ಬೇಳೆ ತಳ ಹತ್ತಿದ ವಾಸನೆ ಮೂಗಿಗೆ ಬಡಿದಾಗ ಧಡಪಡಿಸಿ ಎದ್ದು ಗ್ಯಾಸು ಆರಿಸಿದ. ಅಷ್ಟರಲ್ಲಿ ಹಿತ್ತಲಲ್ಲಿ ನಳದ ನೀರು ತುಂಬುತ್ತಿದ್ದ ಲಾಲಬಿ ಒದ್ದೆ ಕೈಯಲ್ಲೇ ಓಡಿ ಬಂದಳು. ಗೋಪನಕೊಪ್ಪದ ಆ ಮನೆಯಲ್ಲಿ ಮುಂದಿನ ಕೋಣೆಯೇ ಅವನ ದುಕಾನು, ಹಿಂದಿನದೇ ಅಡುಗೆಮನೆ. ನಡುವೆ ಇರುವುದು ಒಂದು ಬಾಗಿಲು, ಅದಕ್ಕೆ ಪರದೆ ಕೂಡ ಇಲ್ಲ.

"ಆರ ಸೀಟಿ ಆತ್ರಿ. ಹಿತ್ತಲದಾಗ ನನಗ ಕೇಳ್ತು. ನೀವು ಇಲ್ಲೇ ಕುಂತೀರಿ, ಕೇಳಲಿಲ್ಲೇನು?"

"ಕೆಲಸದಾಗ ಲಕ್ಷ್ಯ ಇತ್ತು," ಎಂದ.

ಕೆಲಸವೇನೂ ಇರಲಿಲ್ಲ. ಮೇಜಿನ ಮೇಲೆ ಹೊಟ್ಟೆ ತೆರೆದುಕೊಂಡು ಬಿದ್ದಿದ್ದ ಆಂಪ್ಲಿಫೈಯರಿನ ರಿಪೇರಿ ನಿನ್ನೆಯೇ ಮುಗಿದಿತ್ತು. ಸುಳ್ಳು ಹೇಳಿದ್ದಕ್ಕೆ ಅವನಿಗೆ ನಾಚಿಕೆಯಾಗಲಿಲ್ಲ, ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ಆಯಿತು. ಎರಡು ವರ್ಷದಿಂದ ಅವನು ಕಲಿತ ಹೊಸ ಕಸಬು ಇದೊಂದೇ, ಕೇಳದ್ದನ್ನು ಕೇಳಿದಂತೆ ನಟಿಸುವುದು. ಎದುರಿನವರ ತುಟಿ ನಿಂತ ಕೂಡಲೇ 'ಹೂಂ' ಎನ್ನಬೇಕು. ಮುಖ ಪ್ರಶ್ನೆ ಕೇಳಿದಂತಿದ್ದರೆ 'ನೋಡೂಣು' ಎನ್ನಬೇಕು. ಅವರು ನಕ್ಕರೆ ನಗಬೇಕು. ಆದರೆ ಆ ನಗು ಅವರದಕ್ಕಿಂತ ಅರ್ಧ ಗಳಿಗೆ ತಡವಾಗಿ ಬರುತ್ತದೆ, ಅದನ್ನು ಮುಚ್ಚಲು ಒಂದು ಕೆಮ್ಮು ಬೇಕಾಗುತ್ತದೆ. 'ಸಾಬರ ಕಿವಿ' ಎಂದು ಹುಬ್ಬಳ್ಳಿ ಧಾರವಾಡದ ಮೈಕಿನವರೆಲ್ಲ ನಲವತ್ತು ವರ್ಷ ಹೊಗಳಿದ ಕಿವಿ ಅದು. ಪೆಂಡಾಲಿನ ಹೊರಗೆ ಸೈಕಲ್ ನಿಲ್ಲಿಸುವಾಗಲೇ 'ಎಡಗಡಿ ಹಾರ್ನಿನ ಯೂನಿಟ್ ಹೋಗೇತಿ, ಬಿಚ್ಚರಿ' ಎಂದು ಹೇಳಿ ಅವರನ್ನು ದಂಗುಬಡಿಸಿದವನು. ಕಿವುಡ ಮೈಕ್ ರಿಪೇರಿಯವನು ಎಂದರೆ ಕುರುಡ ಕ್ಷೌರಿಕನಿದ್ದಂತೆ. ಯಾರು ಬಂದು ತಲೆ ಕೊಟ್ಟಾರು?

ಲಾಲಬಿ ತಳ ಬಿಟ್ಟು ಮೇಲಿನ ಬೇಳೆಯನ್ನಷ್ಟೇ ತೆಗೆದು, ಖಡಕ್ ರೊಟ್ಟಿ ಮುರಿದು ಅವನ ತಟ್ಟೆಗಿಟ್ಟಳು. ರೊಟ್ಟಿ ಎರಡಾಯಿತು, ನಾಲ್ಕಾಯಿತು, ಸದ್ದಾಗಲಿಲ್ಲ. ಸದ್ದಿನ ಜಾಗದಲ್ಲಿ ಇದ್ದದ್ದು ಗುಂಯ್ ಎಂಬ ಒಂದು ಎಳೆ, ಹಗಲೂ ರಾತ್ರಿ ಒಂದೇ ಸಮ, ಅರ್ಥಿಂಗ್ ಕಿತ್ತ ಆಂಪ್ಲಿಫೈಯರು ಗುನುಗುವಂತೆ. ಅವಳು ಏನೋ ಹೇಳಿದಳು. 'ಹೂಂ' ಎಂದ. ಅವಳು ಒಂದು ಕ್ಷಣ ಅವನ ಮುಖವನ್ನೇ ನೋಡಿ ಎದ್ದು ಹೋದಳು. ಏನು ಹೇಳಿದ್ದಳೋ, ಅದಕ್ಕೆ 'ಹೂಂ' ಸಲ್ಲುತ್ತಿತ್ತೋ ಇಲ್ಲವೋ. ಈ ಮೂರು ವಾರಗಳಿಂದ ಅವಳು ಮಾತು ಕಡಿಮೆ ಮಾಡಿದ್ದಾಳೆ ಎಂದು ಅವನಿಗೆ ಅನಿಸುತ್ತಿತ್ತು. ಅವಳು ಕಡಿಮೆ ಮಾಡಿದ್ದಳೋ, ತನಗೆ ಕಡಿಮೆ ತಲುಪುತ್ತಿತ್ತೋ, ಅದನ್ನು ಅಳೆಯುವ ಮೀಟರು ಅವನ ಮೇಜಿನ ಮೇಲೆ ಇರಲಿಲ್ಲ.

ಇವತ್ತು ಗುರುವಾರ. ಮೇಜಿನ ಆ ಬದಿಯ ಕಬ್ಬಿಣದ ಸ್ಟೂಲು ಖಾಲಿ ಇತ್ತು. ಹೋದ ಗುರುವಾರ, ಅದರ ಹಿಂದಿನ ಗುರುವಾರವೂ ಖಾಲಿಯೇ. ಅಲ್ಲಿ ಕೂರುತ್ತಿದ್ದವಳು ಐಶ್ವರ್ಯಾ, ಅಮರಗೋಳದ ಹತ್ತಿ ವ್ಯಾಪಾರಿ ಸಿದ್ದಪ್ಪನ ಮಗಳು, ಧಾರವಾಡದಲ್ಲಿ ಓದುವವಳು. ಒಂದು ವರ್ಷದ ಹಿಂದೆ ಬೆನ್ನಿಗೆ ಗಿಟಾರು ಏರಿಸಿಕೊಂಡು ಬಂದು, ಕಾಲಲ್ಲಿ ಒತ್ತುವ ಒಂದು ಹಳದಿ ಡಬ್ಬಿಯನ್ನು ಅವನೆದುರು ಇಟ್ಟು, "ಕಾಕಾ, ಇದರಾಗ ದನಿ ಒಡೀವಲ್ದು, ನೋಡ್ತೀರೇನು?" ಎಂದಿದ್ದಳು. ಅವನು ತಪ್ಪಾಗಿ ಕೇಳಿಸಿಕೊಂಡೆನೆಂದು ಹೆದರಿದ್ದ. ಆಗಲೇ ಶುರುವಾಗಿತ್ತು ಆ ಹೆದರಿಕೆ. "ಒಡ್ಯಾಕತ್ತೇತಿ ಅಂದೇನವ್ವಾ?" ಎಂದು ಕೇಳಿದ. "ಇಲ್ರಿ, ಒಡೀವಲ್ದು. ಒಡೀಬೇಕದು." ಅವತ್ತು ಅವನು ಎಷ್ಟು ನಕ್ಕಿದ್ದನೆಂದರೆ ಒಳಗಿನಿಂದ ಲಾಲಬಿ ಬಂದು ನೋಡಿದ್ದಳು. ನಲವತ್ತು ವರ್ಷದಿಂದ ಮಸೀದಿಯವರು, ಗುಡಿಯವರು, ಭಾಷಣದವರು, ನಾಟಕದವರು ಎಲ್ಲರೂ ಬಂದು ಹೇಳಿದ್ದು ಒಂದೇ ಮಾತು: ಸಾಬರ, ದನಿ ಒಡ್ಯಾಕತ್ತೇತಿ, ಸುಧಾರಸಿ ಕೊಡ್ರಿ. ಒಡೆದ ದನಿಯನ್ನು ಕೂಡಿಸಿ ಕೂಡಿಸಿಯೇ ಅವನ ತಲೆ ನೆರೆದಿತ್ತು. ಈಗ ಒಬ್ಬಳು ಬಂದು ಚೆನ್ನಾಗಿರುವುದನ್ನು ಒಡೆದು ಕೊಡಿ ಎನ್ನುತ್ತಿದ್ದಾಳೆ.

ಒಡೆಯುವುದರಲ್ಲೂ ಎರಡು ಜಾತಿ ಇದೆ ಎಂದು ಅವನಿಗೆ ಗೊತ್ತಾದದ್ದು ಅವಳಿಂದ. ಡಬ್ಬಿ ಬಿಚ್ಚಿ, ಅವಳು ಫೋನಿನಲ್ಲಿ ತಂದ ನಕ್ಷೆ ನೋಡಿ, ಇಬ್ಬರೂ ತಲೆ ಕೂಡಿಸಿ ಕೂತಿದ್ದರು. ಗಿಟಾರಿನ ದನಿ ತಂತಿಯೊಳಗೆ ಗುಡ್ಡ ಕೊಳ್ಳ, ಗುಡ್ಡ ಕೊಳ್ಳ ಎಂದು ಬರುತ್ತದೆ. ಅದನ್ನು ಹಿಗ್ಗಿಸಿ, ಒಂದು ಎತ್ತರ ದಾಟಿದ ನೆತ್ತಿಯನ್ನು ತೆಗೆದರೆ ಒಡೆದ ದನಿ. ತೆಗೆಯಲು ಎರಡು ಡಯೋಡು ಸಾಕು, ಅಕ್ಕಿಕಾಳಿನಷ್ಟು ದೊಡ್ಡವು. ಅವನ್ನು ಎಲ್ಲಿ ಕೂರಿಸುತ್ತೀ ಎನ್ನುವುದರಲ್ಲೇ ಎಲ್ಲ ಇದೆ. ಹಿಗ್ಗಿಸುವ ಐಸಿಯ ಆಚೆ ಕೂರಿಸಿ, ಇನ್ನೊಂದು ತುದಿಯನ್ನು ಅರ್ಥಿಂಗಿಗೆ ಕೊಟ್ಟರೆ, ಎತ್ತರ ದಾಟಿದ ದನಿ ಅಷ್ಟೂ ಸೀದಾ ನೆಲಕ್ಕೆ ಹೋಗುತ್ತದೆ. ನೆತ್ತಿ ಕುಡುಗೋಲಿನಿಂದ ಕೊಯ್ದ ಹಾಗೆ ಮಟ್ಟಸ. ಇದು ಹಾರ್ಡು. ಅದೇ ಡಯೋಡುಗಳನ್ನು ಐಸಿಯ ಸುತ್ತಲೇ, ಹೊರಬಂದದ್ದು ತಿರುಗಿ ಒಳಗೆ ಹೋಗುವ ದಾರಿಯಲ್ಲಿ ಕೂರಿಸಿದರೆ, ದನಿ ಜೋರಾದಷ್ಟೂ ಹಿಗ್ಗಿಸುವವನಿಗೇ ಹೋಗಿ 'ಸಾವಕಾಶ, ಸಾವಕಾಶ' ಎಂದು ಹೇಳಿದಂತಾಗುತ್ತದೆ. ಏನನ್ನೂ ಕೊಯ್ಯುವುದಿಲ್ಲ, ನೆತ್ತಿ ತಾನೇ ದುಂಡಗಾಗುತ್ತದೆ. ಇದು ಸಾಫ್ಟು. ತಾರಿಹಾಳದ ಒಂದು ಕಾರ್ಖಾನೆ ಮುಚ್ಚಿದಾಗ ತಂದಿದ್ದ, ದನಿಯನ್ನು ಗೆರೆಯಾಗಿ ತೋರಿಸುವ ಹಳೆಯ ಸ್ಕೋಪಿನ ಹಸಿರು ಪರದೆಯ ಮೇಲೆ ಎರಡನ್ನೂ ಮೂಡಿಸಿ ತೋರಿಸಿದಾಗ ಹುಡುಗಿ ಚಪ್ಪಾಳೆ ಹೊಡೆದಿದ್ದಳು. "ಕಾಕಾ, ಕೇಳಾಕ ಎಷ್ಟ ಫರಕ್ ಐತಿ ನೋಡ್ರಿ!" ಎಂದಳು. "ಹೂಂ, ಭಾಳ ಫರಕ್," ಎಂದಿದ್ದ ಪರದೆಯನ್ನು ನೋಡುತ್ತ. ಕಿವಿಗೆ ಎರಡೂ ಒಂದೇ ಆಗಿದ್ದವು.

ಆ ಮೇಲೆ ಪ್ರತಿ ಗುರುವಾರ ಬಂದಳು. ಬೆಸುಗೆ ಹಾಕಲು ಕಲಿತಳು, ಬೆರಳು ಸುಟ್ಟುಕೊಂಡಳು, ಲಾಲಬಿ ಮಾಡಿದ ಸುಸಲಾ ತಿಂದಳು. ಅವಳೊಡನೆ ಮಾತಾಡುವಾಗ ಅವನು ಅವಳ ಪದಗಳನ್ನೇ ಬಳಸತೊಡಗಿದ. ಅರ್ಥಿಂಗಿಗೆ ಅವಳು ಗ್ರೌಂಡು ಎನ್ನುತ್ತಿದ್ದಳು, ಅವನೂ 'ಇದನ್ನ ಗ್ರೌಂಡಿಗೆ ಕೊಡವ್ವಾ' ಎನ್ನುತ್ತಿದ್ದ. ಅರವತ್ತೊಂದನೆಯ ವಯಸ್ಸಿನಲ್ಲಿ ಹೊಸ ಪದ ಕಲಿಯುವುದು ಅವನಿಗೆ ಹೊಸ ಅಂಗಿ ತೊಟ್ಟಂತಿತ್ತು. ಮಕ್ಕಳಿಲ್ಲದ ಮನೆ ಅದು. ಅವನು ಅದನ್ನು ಹಾಗೆ ಯಾವತ್ತೂ ಹೇಳಿಕೊಂಡವನಲ್ಲ. ಗುರುವಾರ ಬೆಳಿಗ್ಗೆ ಮೇಜು ಒರೆಸುತ್ತಿದ್ದ, ಅಷ್ಟೇ.

ಮೂರು ವಾರದ ಹಿಂದಿನ ಆ ಗುರುವಾರ ಅವಳು ಹಳದಿ ಡಬ್ಬಿಯನ್ನು ಅವನು ಆಗಷ್ಟೇ ಸುಧಾರಿಸಿದ ಆಂಪ್ಲಿಫೈಯರಿಗೆ ಜೋಡಿಸಿ ಬಾರಿಸಿದಳು. ಎದುರಿಗೆ ಮೈಕ್ ಸೆಟ್ಟಿನ ಮಡಿವಾಳಪ್ಪ ತನ್ನ ಸಾಮಾನಿಗಾಗಿ ಕಾಯುತ್ತ ಕೂತಿದ್ದ. ಅವಳು ಮುಖ ಕಿವುಚಿ ನಗುತ್ತ, "ಕಾಕಾ, ಟ್ರೆಬಲ್ ಭಾಳ ಆಗೇತ್ರಿ, ಕಿವಿ ಚುಚ್ಚಾಕತ್ತೇತಿ. ನಿಮಗ ಕೇಳ್ಸವಲ್ದೇನ್ರಿ?" ಎಂದಳು. ಅದು ಯಾರೂ ಯಾರಿಗೂ ದಿನಕ್ಕೆ ಹತ್ತು ಸಲ ಹೇಳುವ ಮಾತು. ಮಡಿವಾಳಪ್ಪ ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಏನಿತ್ತೋ, ಬಹುಶಃ ಏನೂ ಇರಲಿಲ್ಲ, ಮಕ್ತುಮಸಾಬನ ಕಿವಿಯ ಬುಡ ಬಿಸಿಯಾಯಿತು. "ನಿನ್ನೆ ಮೊನ್ನೆ ಸೋಲ್ಡರ್ ಹಿಡದಾಕಿ, ನನಗ ಕಿವಿ ಕಲಸಾಕ ಬಂದಿಯೇನು?" ಎಂದುಬಿಟ್ಟ. ಹುಡುಗಿಯ ನಗು ಅಲ್ಲೇ ನಿಂತಿತು. ಚೀಲದಲ್ಲಿದ್ದ ಇನ್ನೊಂದು ಡಬ್ಬಿಯನ್ನು, ಅವಳು ಪೂರಾ ತಾನೇ ಕೂತು ಮಾಡಿದ ಮೊದಲನೆಯದನ್ನು, ಅಜ್ಜಿ ಶಿವಬಸವ್ವ ಕೊಟ್ಟ ಸ್ಟೀಲಿನ ಎಲೆಅಡಿಕೆ ಡಬ್ಬಿಯೊಳಗೆ ಕೂರಿಸಿದ್ದನ್ನು, ಮೇಜಿನ ಅಂಚಿಗಿಟ್ಟು, "ಇದನ್ನ ನೋಡಿರ್ರಿ," ಎಂದು ಮೆಲ್ಲಗೆ ಹೇಳಿ ಹೋದಳು. ಸೋಮವಾರ ಅವನು ಮಧ್ಯಾಹ್ನದ ಜೋಹರ್ ನಮಾಜಿಗೆ ಹೋದಾಗ ಬಂದು ಲಾಲಬಿಯ ಕೈಯಿಂದ ಅದನ್ನು ತೆಗೆದುಕೊಂಡು ಹೋಗಿದ್ದಳು. ಕೂರಲಿಲ್ಲವಂತೆ, ಚಾ ಬೇಡ ಎಂದಳಂತೆ.

ಅವಳಿಗೆ ಗೊತ್ತಾಗಿದೆ. ಹುಡುಗಿ ಚುರುಕು, ಒಂದು ವರ್ಷ ಪಕ್ಕದಲ್ಲೇ ಕೂತವಳು, ಗೊತ್ತಾಗದೆ ಇರುತ್ತದೆಯೇ? ಕಿವುಡನ ಹತ್ತಿರ ದನಿಯ ಕೆಲಸ ಕಲಿಯಲು ಯಾಕೆ ಬಂದಾಳು? ಹೀಗೆಂದುಕೊಂಡೇ ಮೂರು ವಾರ ಕಳೆದಿದ್ದ. ಅವಳು ಹೋದ ಮಾರನೆಯ ದಿನ, ಲಾಲಬಿ ತಂಗಿಯ ಮನೆಗೆ ಹೋಗಿದ್ದಾಗ, ಬಾಗಿಲು ಮುಂದೆ ಮಾಡಿ, ಸಿಗ್ನಲ್ ಜನರೇಟರಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ತನ್ನನ್ನೇ ಪರೀಕ್ಷೆ ಮಾಡಿಕೊಂಡಿದ್ದ. ಬಿರಡೆ ತಿರುವುತ್ತ ಹೋದಂತೆ ದನಿಯ ಸ್ವರ ಏರಿತು, ಎರಡು ಸಾವಿರ ಹರ್ಟ್ಜ್, ಎರಡೂವರೆ, ಮೂರು ಸಾವಿರಕ್ಕೆ ನೂಲಿನಷ್ಟಾಯಿತು, ಆಚೆಗೆ ಏನೂ ಇಲ್ಲ. ಹೆಡ್‌ಫೋನು ಕೆಟ್ಟಿದೆ ಎಂದುಕೊಂಡು ಇನ್ನೊಂದು ಹಾಕಿದ. ಅದೂ ಅಷ್ಟೇ. ವೈರು ಬದಲಿಸಿದ. ಜನರೇಟರೇ ಕೆಟ್ಟಿರಬೇಕೆಂದು ಸ್ಕೋಪಿಗೆ ಕೊಟ್ಟು ನೋಡಿದ. ಹಸಿರು ಗೆರೆ ಪರದೆಯ ತುಂಬ ಕುಣಿಯುತ್ತಿತ್ತು. ಯಾವ ಸಾಮಾನೂ ಕೆಟ್ಟಿರಲಿಲ್ಲ. ಒಂದೊಂದನ್ನೇ ಪಾಸು ಮಾಡುತ್ತ ಬಂದು ಕೊನೆಗೆ ಉಳಿದದ್ದು ತಾನೊಬ್ಬನೇ, ಬಾಗಿಲು ಮುಂದೆ ಮಾಡಿಕೊಂಡು ಕೂತ ತಾನೊಬ್ಬನೇ. ಅಳು ಬರುವಂತಾಗಿತ್ತು. ಆಗ ಯಾರೋ ಬಾಗಿಲು ಬಡಿದಿರಬೇಕು, ಅದೂ ಕೇಳಿರಲಿಲ್ಲ. ಲಾಲಬಿ ಬಂದು ಬೈದಳು.

ಮಸೀದಿಯ ವಿಷಯ ಇನ್ನೂ ಕೆಟ್ಟದ್ದು. ಅಲ್ಲಿಯ ಆಂಪ್ಲಿಫೈಯರು ಅವನದೇ ಕೈಕೆಲಸ. ಪ್ರತಿ ಶುಕ್ರವಾರ ಹೋಗಿ, ದನಿ ಮಂದವಾಗಿದೆ ಎಂದು, ಚೂಪು ದನಿ ಏರಿಸುವ ಟ್ರೆಬಲ್ ಬಿರಡೆಯನ್ನು ಎಂಟಕ್ಕೆ ಇಟ್ಟು ಬರುತ್ತಾನೆ. ಮುಂದಿನ ಶುಕ್ರವಾರ ನೋಡಿದರೆ ಮೂರಕ್ಕೆ ಬಂದಿರುತ್ತದೆ. ಯಾರೂ ಏನೂ ಹೇಳುವುದಿಲ್ಲ. ಇದು ಬಾಂಗ್ ಕೊಡುವ ಅಲ್ಲಾವುದ್ದೀನನ ಕೆಲಸವೇ ಎಂದು ಅವನಿಗೆ ಖಾತ್ರಿ. ನನ್ನ ಮಶೀನಿಗೆ ಕೈ ಹಚ್ಚುವಷ್ಟು ಶಾಣ್ಯಾ ಆದನೇನು ಎಂದು ಸಿಟ್ಟಿಗೆದ್ದು ಮೂರು ತಿಂಗಳಿಂದ ಅವನೊಡನೆ ಮಾತು ಬಿಟ್ಟಿದ್ದ. ಸಲಾಮು ಹೇಳಿದರೆ ಕೇಳದವನಂತೆ ಹೋಗುತ್ತಿದ್ದ. ಕೆಲವು ಸಲ ನಿಜವಾಗಿಯೂ ಕೇಳಿರುತ್ತಿರಲಿಲ್ಲ. ಕಿವುಡುತನಕ್ಕೆ ಸೊಕ್ಕಿನ ವೇಷ ತೊಡಿಸಿದರೆ ಯಾರಿಗೂ ಅನುಮಾನ ಬರುವುದಿಲ್ಲ ಎನ್ನುವುದನ್ನು ಅವನು ಹೀಗೆ ಕಂಡುಕೊಂಡಿದ್ದ.

ರೊಟ್ಟಿ ಮುಗಿದಿತ್ತು. ತಟ್ಟೆಯಲ್ಲೇ ಕೈ ತೊಳೆದು ಎದ್ದವನು, ತನಗೇ ತಿಳಿಯದಂತೆ ಚೀಲಕ್ಕೆ ಸೋಲ್ಡರಿಂಗ್ ಐರನ್ನು, ಸೀಸದ ತಂತಿಯ ಸುರುಳಿ ಹಾಕಿಕೊಂಡ. ಲಾಲಬಿ ಎದುರಿಗೆ ಬಂದು ನಿಂತು, ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ ಕೇಳಿದಳು: "ಎಲ್ಲಿಗಿ ಹೊಂಟೀರಿ?" ಈಚೆಗೆ ಅವಳು ಹೀಗೇ ಎದುರಿಗೆ ಬಂದು ನಿಂತು ಮಾತಾಡುತ್ತಾಳೆ ಎಂಬುದು ಅವನಿಗೆ ಆಗ ಹೊಳೆಯಿತು. "ಅಮರಗೋಳಕ್ಕ. ಆ ಹುಡಿಗಿಗಿ ಮಾತ ಬಿರುಸ ಆತು. ಹೋಗಿ ಹೇಳಿ ಬರ್ತೇನಿ," ಎಂದ. ಏನು ಹೇಳುವುದು ಎಂದು ಅವಳು ಕೇಳಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಬಿರುಸಾಗಿ ಮಾತಾಡಿದ್ದಕ್ಕೆ ತಪ್ಪಾಯಿತು ಎನ್ನಬಹುದು, ಅದಕ್ಕೆ ಬಾಯಿ ಬರುತ್ತದೆ. ಯಾಕೆ ಬಿರುಸಾಯಿತು ಎಂದು ಹೇಳಬೇಕಾದರೆ ಮಾತ್ರ ಕಿವಿಯ ವಿಷಯ ಎತ್ತಬೇಕು. ಒಮ್ಮೆ ಬಾಯಿಬಿಟ್ಟರೆ ಮುಗಿಯಿತು, ಮಡಿವಾಳಪ್ಪನಿಗೆ ತಲುಪಲು ಎಷ್ಟು ಹೊತ್ತು ಬೇಕು?

ಸ್ಕೂಟರಿನ ಮೇಲೆ ಹೋಗುವಾಗ ಹಿಂದೆ ಯಾರೋ ಬಹಳ ಹೊತ್ತಿನಿಂದ ಹಾರ್ನು ಹೊಡೆಯುತ್ತಿದ್ದಿರಬೇಕು. ಒಂದು ಬೈಕು ಮೈಗೆ ತಾಗುವಂತೆ ಮುಂದೆ ಬಂದು, ಹೆಲ್ಮೆಟ್ಟಿನೊಳಗಿನ ಮುಖ ತಿರುಗಿ, "ಏ ಕಿವುಡಾ!" ಎಂದು ಒದರಿ ಹೋಯಿತು. ಅದು ಮಾತ್ರ ಸ್ವಚ್ಛವಾಗಿ ಕೇಳಿತು. ರಸ್ತೆಯ ಪಕ್ಕಕ್ಕೆ ಸ್ಕೂಟರು ಇಳಿಸಿ, ಕಾಲು ಊರಿ ನಿಂತ. ಕಬ್ಬಿನ ಹಾಲಿನ ಗಾಡಿಯವನು ಇವನನ್ನೇ ನೋಡುತ್ತಿದ್ದ. ಗುರುತಿಲ್ಲದವನು ಒಂದೇ ನೋಟಕ್ಕೆ ಹೇಳಿ ಹೋದದ್ದನ್ನು ತಾನು ಎರಡು ವರ್ಷದಿಂದ ಬಚ್ಚಿಟ್ಟುಕೊಂಡು ತಿರುಗುತ್ತಿದ್ದೇನೆ. ಮನೆಗೆ ವಾಪಸ್ಸು ಹೋಗಬೇಕೆನಿಸಿತು. ಮನೆಯಲ್ಲಿನ ಕಬ್ಬಿಣದ ಸ್ಟೂಲು ನೆನಪಾಯಿತು, ಮುಂದೆ ಹೋದ.

ಅಮರಗೋಳದ ಮಾರ್ಕೆಟ್ ಯಾರ್ಡಿನ ಹಿಂಬದಿಗೆ ಸಿದ್ದಪ್ಪನ ಗೋದಾಮು. ಸಿದ್ದಪ್ಪ ಹೊರಗೆ ಲಾರಿಯವರ ಜೊತೆ ನಿಂತಿದ್ದ. ಇವನನ್ನು ಕಂಡು ಕೈ ಎತ್ತಿ, "ಬರ್ರಿ ಸಾಬರ. ಒಳಗ ಅದಾಳ ನೋಡ್ರಿ ನಮ್ಮಾಕಿ. ಮನ್ಯಾಗ ಅವ್ವ ಬೈತಾಳಂತ ಹತ್ಯಾಗ ಕುಂತ ಬಾರಸ್ತಾಳ," ಎಂದು ನಗುತ್ತ ಒಳಗೆ ಕಳಿಸಿದ. ಒಳಗೆ ಸೂರಿನವರೆಗೆ ಹತ್ತಿಯ ಅಂಡಿಗೆಗಳು. ಅವುಗಳ ನಡುವಿನ ಓಣಿಯಲ್ಲಿ ತಗಡಿನ ಕುರ್ಚಿ, ಒಂದು ಸಣ್ಣ ಆಂಪ್ಲಿಫೈಯರು, ಗಿಟಾರು ಮಡಿಲಲ್ಲಿಟ್ಟುಕೊಂಡ ಐಶ್ವರ್ಯಾ. ಹತ್ತಿ ಎಲ್ಲ ಸದ್ದನ್ನೂ ಹೀರುತ್ತಿತ್ತು. ತನ್ನ ಕಾಲಿನ ಸದ್ದು ತನಗೆ ಕೇಳದಿರುವುದಕ್ಕೆ ಇಲ್ಲಿಯಾದರೂ ಒಂದು ಕಾರಣವಿದೆ ಎಂದು ಅವನಿಗೆ ವಿಚಿತ್ರ ಸಮಾಧಾನವಾಯಿತು.

ಅವಳು ಎದ್ದು ನಿಂತಳು. ಕುರ್ಚಿ ಅವನ ಕಡೆ ಸರಿಸಿದಳು. "ಕುಂದರ್ರಿ ಕಾಕಾ," ಎಂದಳು. ಮುಖದಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

"ಆ ದಿನಾ ಮಂದ್ಯಾಗ ಹಂಗ ಅನ್ನಬಾರದಿತ್ತವ್ವಾ," ಎಂದ ಕೂರದೆಯೇ. "ತಪ್ಪಾತು."

"ಅದಕ್ಕೇನ ಇಲ್ರಿ ಕಾಕಾ. ನನಗ ಅದು ಮರತ ಹೋಗೇತಿ. ಹಿರ್‍ಯಾರು ಬೈತಾರ, ಬಿಡ್ತಾರ." ಅವಳು ತಲೆ ತಗ್ಗಿಸಿ ಗಿಟಾರಿನ ತಂತಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮಾತು ಅರ್ಧ ಕೇಳಿತು, ಅರ್ಧ ತುಟಿಯಿಂದ ತಿಳಿಯಿತು. "ಆದ್ರ ಬರದ ಕೊಟ್ರಲ್ಲಾ, ಅದಕ್ಕ ಭಾಳ ಬ್ಯಾಸರಾತು."

"ಬರದ ಕೊಟ್ನಿ? ಏನ ಬರದ ಕೊಟ್ನಿ?"

ಅವಳು ಗಿಟಾರಿನ ಚೀಲದ ಜೇಬಿನಿಂದ ಅಜ್ಜಿಯ ಎಲೆಅಡಿಕೆ ಡಬ್ಬಿಯನ್ನು ತೆಗೆದಳು. ಅದಕ್ಕೆ ದಾರದಿಂದ ಕಟ್ಟಿದ ಚೀಟಿ ಇನ್ನೂ ಇತ್ತು. ಪಂಚಾಂಗದ ಹಾಳೆ ಹರಿದು ಮಾಡಿದ್ದು, ಅವನದೇ ದಪ್ಪ ಅಕ್ಷರ. ರಿಪೇರಿಗೆ ಬಂದ ಎಲ್ಲ ಸಾಮಾನಿಗೂ ಅವನು ಅಂಥ ಚೀಟಿ ಕಟ್ಟುತ್ತಿದ್ದ. ಎರಡು ಪದಕ್ಕಿಂತ ಹೆಚ್ಚು ಬರೆಯುತ್ತಿರಲಿಲ್ಲ. ಫ್ಯೂಜು ಹೋಗೇತಿ. ವೈರು ಕಡದೈತಿ. ಈ ಚೀಟಿಯ ಮೇಲೆ ಇದ್ದದ್ದು: ಅರ್ಥ ಇಲ್ಲ.

"ಎರಡ ತಿಂಗಳ ಕುಂತ ಮಾಡಿದ್ನಿ ಕಾಕಾ ಅದನ್ನ," ಎಂದಳು. "ಛಲೋ ಆಗಿಲ್ಲಂತ ಬರದಿದ್ರ ನಡೀತಿತ್ತು. ಕೆಟ್ಟೈತಿ ಅಂದ್ರೂ ನಡೀತಿತ್ತು. ಅರ್ಥಾನ ಇಲ್ಲಂತ ಅಂದ್ರಿ. ಅಂದ್ರ ನಾ ಮಾಡಿದ್ದಕ್ಕ, ಬಾರ್ಸೂದಕ್ಕ, ಒಟ್ಟ ಯಾದಕ್ಕೂ ಅರ್ಥ ಇಲ್ಲಂತನ ಆತಲ್ರಿ. ಮನಿಗೆ ಬಂದು ಅಪ್ಪಗ ಹೇಳ್ಲಿಲ್ಲ, ಅಜ್ಜಿಗಿ ಹೇಳ್ಲಿಲ್ಲ. ಅಜ್ಜಿ ಡಬ್ಬಿ ಏನಾತು ಅಂತ ದಿನಾ ಕೇಳ್ತಾಳ."

ಮಕ್ತುಮಸಾಬನಿಗೆ ಮೊದಲು ಏನೂ ತಿಳಿಯಲಿಲ್ಲ. ಚೀಟಿಯನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಅದು ಅವಳ ಕಣ್ಣಿನಿಂದ ಕಂಡಿತು.

"ಯಾ ಅಲ್ಲಾ! ಅವ್ವಾ, ಅದು ಆ ಅರ್ಥ ಅಲ್ಲ! ಅರ್ಥಿಂಗ್! ನಿನ್ನ ಗ್ರೌಂಡು! ನಮ್ಮ ಕಡೆ ಮೆಕ್ಯಾನಿಕ್ ಮಂದಿ ಎಲ್ಲಾರೂ ಅರ್ಥ ಅಂತನ ಬರೀತೇವಿ. ಡಯೋಡಿಂದು ಒಂದ ಕಾಲು ಗ್ರೌಂಡಿಗಿ ಮುಟ್ಟಿದ್ದಿಲ್ಲ. ಒಂದ ಬೆಸಗಿ ಬಿಟ್ಟಿದ್ದಿ. ನಾನ ಹಾಕಬಹುದಿತ್ತು. ನೀನ ಹುಡಕಲಿ, ನೀನ ಹಾಕಲಿ, ನಿನ್ನ ಕೈಯಾಗಿಂದು ಅದು ಅಂತ ಬಿಟ್ಟಿದ್ನಿ."

ಹುಡುಗಿ ಬಾಯಿ ತೆರೆದು ಅವನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದಳು, ನಗುತ್ತ ಅಂಡಿಗೆಗೆ ಒರಗಿದಳು, ಕಣ್ಣು ಒರೆಸಿಕೊಂಡಳು. ಅವನೂ ನಕ್ಕ, ಈ ಸಲ ಅರ್ಧ ಗಳಿಗೆ ತಡವಾಗಲಿಲ್ಲ. ಹೊರಗಿನಿಂದ ಸಿದ್ದಪ್ಪ ಇಣುಕಿ ನೋಡಿ ಹೋದ. ಎಷ್ಟು ಸುಲಭವಾಗಿ ಮುಗಿಯಿತು! ಅವಳಿಗೆ ಕಿವಿಯ ವಿಷಯ ಗೊತ್ತೇ ಇಲ್ಲ, ಅವಳು ಅದನ್ನು ಯೋಚಿಸಿಯೂ ಇಲ್ಲ. ಮೂರು ವಾರ ಅವಳು ಒಂದು ನೋವು ನುಂಗಿ ಕೂತಿದ್ದಳು, ತಾನು ಬೇರೆಯೇ ಒಂದು ಹೆದರಿಕೆ ನುಂಗಿ ಕೂತಿದ್ದೆ, ಎರಡಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಹೇಳಬೇಕಾದ್ದು ಏನೂ ಉಳಿಯಲಿಲ್ಲ ಎಂದು ಅವನಿಗೆ ಮೈ ಹಗುರವಾಯಿತು. ಹಗುರವಾದ ಕೂಡಲೇ ಸಣ್ಣಗೆ ಅಸಹ್ಯವೂ ಆಯಿತು.

ಬಾಗಿಲ ಬಳಿ, ಹತ್ತಿಯಿಂದ ದೂರ, ಐರನ್ನು ಕಾಯಿಸಿದರು. ಅವನು ಡಬ್ಬಿ ಹಿಡಿದ, ಬೆಸುಗೆ ಅವಳೇ ಹಾಕಿದಳು. ಸೀಸ ಕರಗಿ, ಹೊಳೆದು, ನಿಂತಿತು. ಡಬ್ಬಿ ಮುಚ್ಚಿ, ಹಳದಿಯದರ ಪಕ್ಕ ನೆಲದ ಮೇಲಿಟ್ಟು, ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ ಮೊದಲು ಹಳದಿಯದನ್ನು ಒತ್ತಿ ಬಾರಿಸಿದಳು. ಆಮೇಲೆ ಅದನ್ನು ಆರಿಸಿ ಅಜ್ಜಿಯ ಡಬ್ಬಿಯನ್ನು ಒತ್ತಿದಳು, ಅದೇ ಸ್ವರ ಬಾರಿಸಿದಳು. ಅವಳ ಮುಖ ಅರಳಿದ್ದನ್ನು ಅವನು ನೋಡಿದ. ಅಂಥ ಮುಖ ಮಾಡಲು ಕಾರಣವಾದದ್ದು ಎಲ್ಲೋ ಇಲ್ಲೇ, ಎರಡು ಮೊಳ ದೂರದಲ್ಲಿ, ಗಾಳಿಯಲ್ಲಿ ಇದೆ. ಅವನಿಗೆ ತಲುಪಿದ್ದು ಅದೇ ದಪ್ಪ ದನಿ, ಎರಡು ಸಲ.

"ಖರೇ ಹೇಳ್ರಿ ಕಾಕಾ," ಎಂದಳು. "ಯಾವುದು ಛಲೋ ಐತಿ? ನೀವು ಸುಧಾರಸಿದ ಹಳದೀದೋ, ನಾ ಮಾಡಿದ್ದೋ? ನಿಮ್ಮ ಕಿವಿಗಿ ಏನ ಅನಸ್ತು ಅದನ್ನ ಹೇಳ್ರಿ."

ಇಲ್ಲಿ ಸ್ಕೋಪು ಇರಲಿಲ್ಲ. ಆದರೆ ಸುಳ್ಳು ಹೇಳಲು ಸ್ಕೋಪು ಬೇಕಾಗಿಯೂ ಇರಲಿಲ್ಲ. ಯಾವ ಡಬ್ಬಿಯ ದೀಪ ಉರಿಯುತ್ತಿತ್ತೆಂದು ನೋಡಿದ್ದ. ಯಾವುದರಲ್ಲಿ ಡಯೋಡು ಎಲ್ಲಿದೆ ಎಂದು ಗೊತ್ತು. ಹಳದಿಯದು ದುಂಡಗೆ, ನಿಂದು ಚೂಪಗೆ, ನಿಂದಽ ಛಲೋ ಐತಿ ಎಂದುಬಿಟ್ಟರೆ ಅವಳು ಸಂತೋಷದಿಂದ ಕುಣಿಯುತ್ತಾಳೆ, ಮುಂದಿನ ಗುರುವಾರ ಬರುತ್ತಾಳೆ, ಲಾಲಬಿ ಸುಸಲಾ ಮಾಡುತ್ತಾಳೆ. "ಇದು..." ಎಂದು ಶುರುವೂ ಮಾಡಿದ. ಹುಡುಗಿ ಕಣ್ಣು ಪಿಳುಕಿಸದೆ ಕಾಯುತ್ತಿದ್ದಳು. ಎರಡು ತಿಂಗಳ ಕೆಲಸ. ಅಜ್ಜಿಯ ಡಬ್ಬಿ. ಇವಳು ಕೇಳುತ್ತಿರುವುದು ತನ್ನ ಕಿವಿಯನ್ನು. ಅದು ಇಲ್ಲದೆ ಹೊಗಳಿದರೆ, ಆ ಹೊಗಳಿಕೆಗೆ ನಿಜವಾಗಿಯೂ ಅರ್ಥ ಇಲ್ಲ.

"ನನಗ ಎರಡೂ ಒಂದ ಕೇಳ್ತಾವವ್ವಾ," ಎಂದ. ದನಿ ಎಷ್ಟು ಜೋರಾಗಿ ಬಂತೋ ಅವನಿಗೆ ಗೊತ್ತಾಗಲಿಲ್ಲ. "ಎರಡ ವರ್ಷ ಆತು. ಮ್ಯಾಲಿನ ದನಿ ಒಟ್ಟ ಕೇಳ್ಸೂದಿಲ್ಲ. ಕುಕ್ಕರ್ ಸೀಟಿ ಕೇಳ್ಸೂದಿಲ್ಲ. ಆ ದಿನಾ ನೀ ಟ್ರೆಬಲ್ ಭಾಳ ಆತು ಅಂದಿ. ಖರೇನ ಅಂದಿದ್ದಿ. ನನಗ ಕೇಳ್ಸಿದ್ದಿಲ್ಲ. ಅದಕ್ಕ ಬೈದ್ನಿ."

ಅವಳು ಅಯ್ಯೋ ಎನ್ನಲಿಲ್ಲ, ಡಾಕ್ಟರ ಕಡೆ ಹೋಗ್ರಿ ಎನ್ನಲಿಲ್ಲ. ಅವಳು ಏನಾದರೂ ಅಂದರೆ ತಾನು ಎದ್ದು ಹೋಗುತ್ತೇನೆ ಎಂದು ಅವನು ಚೀಲದ ಹಿಡಿಕೆ ಹಿಡಿದಿದ್ದ. ಅವಳು ಬಂದು ಅವನ ಎದುರಿಗೆ, ನೆಲದ ಮೇಲೆ, ಮುಖ ಕಾಣುವಂತೆ ಕೂತಳು.

"ಹಂಗಾರ ನಾ ಹೇಳ್ತೇನಿ, ನೀವು ಕೇಳ್ರಿ," ಎಂದಳು ಬಿಡಿಸಿ ಬಿಡಿಸಿ. ಹಳದಿಯದನ್ನು ಒತ್ತಿ ಬಾರಿಸಿದಳು. "ಇದು ಬಿಸಿ ರೊಟ್ಟಿ ಹರದಂಗ ಐತಿ. ಹರೀತೈತಿ, ಖರೇ, ಆದ್ರ ಮೆತ್ತಗ, ಎಲ್ಲಿ ಹರೀತಂತ ಗೊತ್ತಾಗೂದಿಲ್ಲ." ಅಜ್ಜಿಯ ಡಬ್ಬಿಯನ್ನು ಒತ್ತಿದಳು. "ಇದು ಖಡಕ್ ರೊಟ್ಟಿ. ಕಟಕ್ ಅಂತ ಮುರೀತೈತಿ. ತುಣುಕು ಸಿಡೀತಾವು."

ಅವನು ಕಣ್ಣು ಮುಚ್ಚಿದ. ಅವಳು ಇನ್ನೊಮ್ಮೆ ಬಾರಿಸಿದಳು. ಅವನಿಗೆ ಕೇಳಿದ್ದು ಗಿಟಾರಲ್ಲ. ಅವನ ತಾಯಿ ಬುಟ್ಟಿಯಿಂದ ರೊಟ್ಟಿ ತೆಗೆದು ಮೊಣಕಾಲಿನ ಮೇಲಿಟ್ಟು ಮುರಿಯುತ್ತಿದ್ದ ಸದ್ದು, ಮದುವೆಯ ಹೊಸದರಲ್ಲಿ ಲಾಲಬಿ ಅತ್ತೆಗೆ ಕೇಳದಿರಲೆಂದು ಸೆರಗಿನೊಳಗೆ ಮುರಿಯುತ್ತಿದ್ದ ಸದ್ದು, ಬೆಳಿಗ್ಗೆ ಅವನ ತಟ್ಟೆಯಲ್ಲಿ ಆಗದೇ ಹೋದ ಸದ್ದು. ಅದು ಒಳಗೆಲ್ಲೋ ಹಾಗೇ ಇತ್ತು. "ಹೌದು," ಎಂದ. "ಹೌದವ್ವಾ. ಹಂಗಾರ ನಿಂದು ಛಲೋ ಆಗೇತಿ. ಖಡಕ್ ಆಗೇತಿ." ಕೆನ್ನೆ ಒದ್ದೆಯಾದದ್ದನ್ನು ಒರೆಸಿಕೊಳ್ಳಲಿಲ್ಲ.

ಹೊರಡುವಾಗ ಕೇಳಿದ. "ಮಸೂತ್ಯಾಗ ಟ್ರೆಬಲ್ ಎಂಟಕ್ಕ ಇಡ್ತೇನಿ. ನೀ ಆ ಹಾದೀಲೆ ಬರ್ತಿಯಲ್ಲಾ, ಹೆಂಗ ಕೇಳ್ತೈತಿ?"

"ಎಂಟಾ? ಯಪ್ಪಾ, ಎಂಟಕ್ಕ ಕಿವಿ ಸೀಳತೈತಿ ಕಾಕಾ. ಆದ್ರ ನನಗ ಯಾವಾಗೂ ಹಂಗ ಕೇಳಿಲ್ಲ, ಛಲೋ ಇರ್ತೈತಿ. ಆ ಹಾರ್ನಿಗಿ ಮೂರು ಸಾಕು."

ಮೂರು. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಅದೇ ಅಂಕಿ ಇತ್ತು. ಹನ್ನೆರಡು ಶುಕ್ರವಾರ ಅವನು ಎಂಟಕ್ಕೆ ಏರಿಸಿದ್ದನ್ನು ಒಬ್ಬ ಹನ್ನೆರಡು ಸಲ ಮೂರಕ್ಕೆ ಇಳಿಸಿದ್ದ. ಜಮಾತಿನವರ ಮುಂದೆ ಒಂದು ಮಾತು ಆಡಲಿಲ್ಲ, ಬೇರೆ ಮೆಕ್ಯಾನಿಕ್ಕನನ್ನು ಕರೆಸಲಿಲ್ಲ, ಸಲಾಮು ಬಿಡಲಿಲ್ಲ. ತನ್ನ ಕೈಯಲ್ಲಾಗಿದ್ದರೆ ಮೊದಲನೆಯ ಸಲವೇ ಕೊಯ್ದು ನೆಲಕ್ಕೆ ಹಾಕಿಬಿಡುತ್ತಿದ್ದ.

ಸಂಜೆಯ ಅಸರ್ ನಮಾಜಿಗೆ ಇನ್ನೂ ಹೊತ್ತಿತ್ತು. ಮಸೀದಿಯ ಒಳಕೋಣೆಯಲ್ಲಿ ಯಾರೂ ಇರಲಿಲ್ಲ. ಆಂಪ್ಲಿಫೈಯರಿನ ಎದುರು ನಿಂತ. ಟ್ರೆಬಲ್ಲಿನ ಬಿರಡೆ ಮೂರರ ಮೇಲಿತ್ತು. ರೂಢಿಯಿಂದ ಕೈ ಅದರ ಕಡೆ ಹೋಯಿತು, ಬೆರಳು ಅದನ್ನು ಮುಟ್ಟಿತು, ತಿರುವಲಿಲ್ಲ. ಅಂಗಿಯ ತುದಿಯಿಂದ ಅದರ ಮೇಲಿನ ಧೂಳು ಒರೆಸಿ ಕೈ ಹಿಂದಕ್ಕೆ ತೆಗೆದುಕೊಂಡ. ತಿರುಗಿದರೆ ಬಾಗಿಲಲ್ಲಿ ಅಲ್ಲಾವುದ್ದೀನ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಅವನ ತುಟಿ ಅಲುಗಾಡಿತು, ನಿಂತಿತು. ಮುಖ ಏನೋ ಕೇಳಿದಂತಿತ್ತು. ಮಕ್ತುಮಸಾಬನ ಗಂಟಲಿಗೆ 'ನೋಡೂಣು' ಬಂದು ನಿಂತಿತ್ತು. ಅದನ್ನು ನುಂಗಿದ.

"ಸಲಾಮ ಅಲೈಕುಮ್ ಅಲ್ಲಾವುದ್ದೀನ," ಎಂದ. "ಏನ ಅಂದಿ? ಜೋರ ಹೇಳಪಾ. ಈ ಕಿವ್ಯಾಗ ಅರ್ಥ ಇಲ್ಲ, ಬರೇ ಗುಂಯ್ ಅಂತೈತಿ."

ಅಲ್ಲಾವುದ್ದೀನ ಹತ್ತಿರ ಬಂದ. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಬಾಂಗ್ ಕೊಡುವ ಅದೇ ದನಿಯಲ್ಲಿ ಕೂಗಿದ.

"ಚಾ ಕುಡದೀರೇನು ಅಂತ ಕೇಳಿದ್ನಿ!"

"ಇಲ್ಲಪಾ," ಎಂದ ಮಕ್ತುಮಸಾಬ. "ಇನ್ನೂ ಕುಡದಿಲ್ಲ."